ಯಜಮಾನರ ದನಿ ಹಿಡಿಯೋ ಪೆಟ್ಟಿಗೆ

ನಗಬಾರದ ಮನೆಯಲ್ಲೇ ನಗು ಬರೋದು ನನ್ನ ಹಣೆಬರಹ. ಟಿವಿ ಕೆಟ್ಟಿದೆ, ಬಾಕ್ಸ್ ಕೆಟ್ಟಿದೆ ಅಂತ ಜನ ಕರೀತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಕೆಟ್ಟಿರೋದು ಟಿವಿ ಆಗಿರಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದವನು ನಾನು. ಹೋಟೆಲಲ್ಲಿ ಲೋಟ ತೊಳೆದು, ಕಂಬ ಕಂಬಕ್ಕೂ ಕೇಬಲ್ ಎಳೆದು, ರಿಪೇರಿ ಕಲಿತು, ಯಾವ ಊರಲ್ಲೂ ಒಂದು ವರ್ಷ ನಿಂತವನಲ್ಲ. ಈ ಸಲವೂ ಬ್ಯಾಗು ಕಟ್ಟಿ ಆಗಿತ್ತು. ಅಷ್ಟರಲ್ಲಿ ಕುರುಬರಹಳ್ಳಿಯಲ್ಲಿ ಒಂದು ರೆಕಾರ್ಡರ್ ದೆಸೆಯಿಂದ ಸಿಕ್ಕಿಹಾಕಿಕೊಂಡೆ.

ಫೋನು ಬೇಡ, ಡಿಸ್ಕ್ ಬೇಕು

ಕರೆದವರು ಅರವತ್ತು ದಾಟಿದ ಒಬ್ಬ ಆಂಟಿ. ಅವರ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ರಿಟೈರ್ ಆದವರು, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದರು. ಗೋಡೆ ಮೇಲೆ ಹಾರ ಹಾಕಿದ ಫೋಟೋ, ಅದರ ಕೆಳಗೇ ಟಿವಿ.

"ಟಿವಿಲಿ ಬರೋದನ್ನ ಡಿಸ್ಕಿಗೆ ಇಳಿಸೋ ಮಿಷನ್ ಬೇಕಪ್ಪಾ. ನಂಬಿಕೆ ಇಡೋ ಅಂಥದ್ದು," ಅಂದರು.

"ಈ ಕಾಲದಲ್ಲಿ ಡಿಸ್ಕಾ ಆಂಟಿ? ಫೋನಲ್ಲಿ ಹಿಡ್ಕೊಳ್ಳಿ, ಸಾಕು."

"ಫೋನಿನ ಹೆಸರು ಎತ್ತಬೇಡ."

ಕಾರಣ ಇತ್ತು. ಯಜಮಾನರ ಫೋನಿನಲ್ಲಿ ಅವರ ದನಿ ಬೇಕಾದಷ್ಟಿತ್ತು. ಹಾಲು ತರ್ಲಾ, ಬಸ್ಸು ಸಿಕ್ತು, ಕೊತ್ತಂಬರಿ ಸಿಗಲಿಲ್ಲ, ಇಂಥವೇ. ವೈಕುಂಠ ಸಮಾರಾಧನೆ ಮುಗಿದ ವಾರಕ್ಕೆ ಅಳಿಯ ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಟ್ಟು ಅತ್ತೆಗೆ ಹೊಸ ಫೋನು ತಂದಿದ್ದ. "ಒಳಗಿರೋದೆಲ್ಲ ಕ್ಲೀನಾಗಿ ಅಳಿಸೇ ಕೊಟ್ಟಿದೀನಿ ಅತ್ತೆ, ಯೋಚನೆ ಮಾಡ್ಬೇಡಿ" ಅಂತ ಧೈರ್ಯ ಬೇರೆ ಹೇಳಿದ್ದ.

"ಮುಖ ಗೋಡೆ ಮೇಲಿದೆ. ದನಿ ಎಲ್ಲೂ ಇಲ್ಲ," ಅಂದರು ಆಂಟಿ. "ದಿನಾ ನೆನಪು ಮಾಡ್ಕೊಳ್ತೀನಿ, ದಿನಾ ಸ್ವಲ್ಪ ಸ್ವಲ್ಪ ಅಳಿಸಿ ಹೋಗ್ತಿದೆ. ಹೋದ ವಾರ ನೆನಪು ಮಾಡ್ಕೊಂಡ್ರೆ ಹಾಲಿನವನ ದನಿ ಬಂತು."

ಉಳಿದಿದ್ದು ಒಂದೇ ದಾರಿ. ಮೂರು ವರ್ಷದ ಹಿಂದೆ ಯಜಮಾನರು ಒಂದು ಸಣ್ಣ ಕೇಬಲ್ ಚಾನಲ್ಲಿನ ಜ್ಯೋತಿಷ್ಯ ಕಾರ್ಯಕ್ರಮಕ್ಕೆ ಮಧ್ಯಾಹ್ನ ಫೋನು ಮಾಡಿ ಮಾತಾಡಿದ್ದರಂತೆ. ಆಂಟಿ ಅಡುಗೆಮನೆಯಲ್ಲಿದ್ದು ನೋಡಿರಲಿಲ್ಲ, ಬೀದಿಯವರು ಆಮೇಲೆ ಹೇಳಿದ್ದು. ಆ ಚಾನಲ್ಲಿನವರು ಈಗ ದಿನಾ ಮಧ್ಯಾಹ್ನ ಹಳೇ ಸಂಚಿಕೆಗಳನ್ನೇ ಮತ್ತೆ ಹಾಕ್ತಿದ್ದರು. ಯಾವತ್ತು ಯಾವುದು ಬರುತ್ತೋ ದೇವರಿಗೇ ಗೊತ್ತು. ದಿನಾ ಹಿಡಿದಿಟ್ಟರೆ ಯಾವತ್ತೋ ಒಂದು ದಿನ ಅವರು ಬರಬಹುದು.

"ಚಾನಲ್ಲಿಗೆ ಫೋನ್ ಮಾಡಿ ಆ ಗುರೂಜಿನೇ ಕೇಳಬಹುದಲ್ಲ?" ಅಂದೆ.

"ಗುರೂಜಿ ಹೋಗಿ ಎರಡು ವರ್ಷ ಆಯ್ತು."

ಟಿವಿ ಹಾಕಿ ನೋಡಿದೆ. ಗುರೂಜಿ ಶಾಲು ಹೊದ್ದು ಯಾರಿಗೋ ಆಯಸ್ಸು ಗಟ್ಟಿ ಅಂತ ಹೇಳ್ತಿದ್ದರು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ನೇರ ಪ್ರಸಾರ' ಅಂತ ಮಿನುಗ್ತಿತ್ತು. ಗುರೂಜಿ ಹೋಗಿ ಎರಡು ವರ್ಷ, ಯಜಮಾನರು ಹೋಗಿ ಎಂಟು ತಿಂಗಳು, ಟಿವಿಯಲ್ಲಿ ಮಾತ್ರ ಇಬ್ಬರೂ ಲೈವ್.

ಹಳೇ ಸಾಮಾನಿನ ಅಂಗಡಿ

ಹೊಸ ರೆಕಾರ್ಡರ್ ಈಗ ಯಾರೂ ಮಾರಲ್ಲ. ರಾಜಾಜಿನಗರದ ಒಂದು ಹಳೇ ಸಾಮಾನಿನ ಅಂಗಡಿಗೆ ಹೋದೆ. ಆಂಟಿಯೂ ಬಂದರು. ನನ್ನನ್ನು ನಂಬಿ ಕಳಿಸೋ ಜಾತಿಯವರಲ್ಲ ಅವರು.

ಅಂಗಡಿಯವನು ಧೂಳು ಊದಿ ಮೂರು ಪೆಟ್ಟಿಗೆ ಇಟ್ಟ. ಆಂಟಿ ತೆಂಗಿನಕಾಯಿ ಆರಿಸೋ ಹಾಗೆ ಒಂದೊಂದಕ್ಕೂ ಬೆರಳ ಗಿಣ್ಣಿನಲ್ಲಿ ಟಕ್ ಟಕ್ ಅಂತ ಬಡಿದು ಕಿವಿ ಇಟ್ಟು ಕೇಳಿದರು.

"ಅಮ್ಮಾ, ಅದರೊಳಗೆ ನೀರಿಲ್ಲ," ಅಂದ ಅಂಗಡಿಯವನು.

"ಏನಿದೆ ಅಂತ ನೀನು ಹೇಳು ಹಾಗಾದ್ರೆ."

"ಇದು ಚೆನ್ನಾಗಿ ತೋರಿಸುತ್ತೆ, ಆದ್ರೆ ರೆಕಾರ್ಡ್ ಮಾಡಲ್ಲ. ಇದು ರೆಕಾರ್ಡ್ ಮಾಡುತ್ತೆ, ಒಳಗೆ ಹೋದ ಡಿಸ್ಕ್ ಮಾತ್ರ ವಾಪಸ್ ಕೊಡಲ್ಲ."

"ನನ್ನ ಅಳಿಯನ ಥರ," ಅಂದರು ಆಂಟಿ.

ಮೂರನೆಯದು ಕಪ್ಪು ಪೆಟ್ಟಿಗೆ, ಎರಡು ಇಟ್ಟಿಗೆ ತೂಕ. ನಾನು ಹುಡುಕ್ತಿದ್ದುದು ಅದನ್ನೇ. ಅದರ ಹೊಟ್ಟೆಯಲ್ಲೇ ಜಾಗ ಇರುತ್ತೆ. ದಿನಾ ಹೇಳಿದ ಹೊತ್ತಿಗೆ ತಾನೇ ಎದ್ದು ಹಿಡಿದಿಟ್ಟುಕೊಳ್ಳುತ್ತೆ. ಬೇಡದ್ದು ಅಳಿಸಿ ಬೇಕಾದ್ದನ್ನಷ್ಟೇ ಡಿಸ್ಕಿಗೆ ಇಳಿಸಬಹುದು. ಡಿಸ್ಕ್ ಇಡೋ ತಟ್ಟೆ ಹತ್ತು ಸಲ ತೆರೆದು ಮುಚ್ಚಿದೆ. ಒಂದು ಖಾಲಿ ಡಿಸ್ಕಿಗೆ ಹತ್ತು ನಿಮಿಷ ಇಳಿಸಿ, ಅದನ್ನು ಪಕ್ಕದ ಬೇರೆ ಮಿಷನ್ನಿನಲ್ಲಿ ಹಾಕಿ ನೋಡಿದೆ. ಓಡಿತು. ತನ್ನಲ್ಲಿ ಮಾತ್ರ ಓಡಿಸಿ ಬೇರೆ ಕಡೆ ಕೈಕೊಡೋ ಮಿಷನ್ನುಗಳೇ ಜಾಸ್ತಿ.

"ಗ್ಯಾರಂಟಿ?" ಅಂದರು ಆಂಟಿ.

"ಗ್ಯಾರಂಟಿ ಕೊಟ್ಟ ಕಂಪನಿನೇ ಈಗ ಇಲ್ಲಮ್ಮ. ಆದ್ರೆ ಇದರ ಓನರ್ರು ಹದಿನೈದು ವರ್ಷ ಇಟ್ಕೊಂಡಿದ್ರು, ಒಂದು ದಿನಾನೂ ರಿಪೇರಿಗೆ ಬಂದಿಲ್ಲ."

"ಅಷ್ಟು ಒಳ್ಳೇದಾದ್ರೆ ಯಾಕೆ ಮಾರಿದ್ರು?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

"ತೀರ್ಕೊಂಡ್ರು," ಅಂದ.

ಆಂಟಿ ಪೆಟ್ಟಿಗೆ ಮೇಲೆ ಕೈ ಇಟ್ಟರು. "ಇದೇ ಕಟ್ಟಿಕೊಡು. ಮನುಷ್ಯನಿಗಿಂತ ಗಟ್ಟಿ ಇದೆ ಅಂತಾಯ್ತಲ್ಲ."

ಅಳಿಯ ಊಟಕ್ಕೆ ಬಂದ

ಕೇಬಲ್ ಬಾಕ್ಸಿನಿಂದ ರೆಕಾರ್ಡರಿಗೆ, ರೆಕಾರ್ಡರಿನಿಂದ ಟಿವಿಗೆ ವೈರು ಕೊಟ್ಟು, ದಿನಾ ಒಂದೂವರೆಯಿಂದ ಎರಡೂವರೆ ಅಂತ ಟೈಮ್ ಕೂರಿಸಿದೆ. "ಬಾಕ್ಸಿನಲ್ಲಿ ಯಾವ ಚಾನಲ್ ಇರುತ್ತೋ ಇದು ಅದನ್ನೇ ಹಿಡಿಯೋದು ಆಂಟಿ. ಚಾನಲ್ ಮಾತ್ರ ಬದಲಾಯಿಸಬೇಡಿ" ಅಂತ ಮೂರು ಸಲ ಹೇಳಿದೆ.

ಆಂಟಿ ಬದಲಾಯಿಸಲಿಲ್ಲ. ಅಳಿಯನಿಗೆ ಹೇಳೋದು ಮಾತ್ರ ಮರೆತರು. ಅವನು ನಾಗರಬಾವಿಯಿಂದ ವಾರಕ್ಕೆ ಮೂರು ದಿನ ಮಧ್ಯಾಹ್ನ ಅತ್ತೆ ಮನೆಗೆ ಊಟಕ್ಕೆ ಬರೋನು. ಆಂಟಿ ಅಡುಗೆಮನೆಯಲ್ಲಿರೋವಾಗ ಮುದ್ದೆ ನುಂಗ್ತಾ ಷೇರು ಮಾರ್ಕೆಟ್ ನೋಡೋನು. ಕೈ ತೊಳೆದು ಹೋಗೋವಾಗ ಚಾನಲ್ಲು ಮೊದಲಿದ್ದಲ್ಲಿಗೇ ಇಟ್ಟು ಹೋಗ್ತಿದ್ದ, ಮರ್ಯಾದಸ್ಥ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಎರಡು ವಾರ ಬಿಟ್ಟು ಹೋದೆ. ಆಂಟಿ ಕಣ್ಣು ಕೆಂಪಗಿತ್ತು.

"ದಿನಾ ಸಾಯಂಕಾಲ ಹಾಕ್ಕೊಂಡು ಪೂರ್ತಿ ನೋಡ್ತೀನಪ್ಪಾ. ಅರ್ಧಕ್ಕರ್ಧ ದಿನ ಗುರೂಜಿ ಬರೋದೇ ಇಲ್ಲ. ಯಾರೋ ಕೋಟು ಹಾಕ್ಕೊಂಡು ಉಕ್ಕು ಬಿತ್ತು, ಸಿಮೆಂಟು ಎದ್ದಿತು ಅಂತಿರ್ತಾನೆ. ಎಲ್ಲಿ ಮಧ್ಯದಲ್ಲಿ ಇವರ ಫೋನ್ ಬರುತ್ತೋ ಅಂತ ಬಿಡದೆ ನೋಡ್ದೆ."

ಆರು ದಿನದ ಷೇರು ಮಾರ್ಕೆಟ್ಟನ್ನು ಆ ಹೆಂಗಸು ಗಂಡನ ದನಿಗೋಸ್ಕರ ಕಣ್ಣು ಮಿಟುಕಿಸದೆ ನೋಡಿದ್ದರು. ಆ ಆರು ದಿನದಲ್ಲಿ ಯಜಮಾನರು ಬಂದು ಹೋದರೋ ಏನೋ.

ಮುಂದಿನ ಸಲ ಹೋದಾಗ ರಿಮೋಟು ಟಿವಿ ಹತ್ತಿರ ಇರಲಿಲ್ಲ. ಯಜಮಾನರ ಫೋಟೋ ಮುಂದೆ, ದೀಪದ ಪಕ್ಕ, ಒಂದು ಸ್ಟೀಲ್ ತಟ್ಟೆಯಲ್ಲಿತ್ತು.

"ಅಳಿಯ ಎತ್ಕೊಳ್ಳಲ್ವಾ?" ಅಂದೆ.

"ಎತ್ಕೊಳ್ಳಲಿ ನೋಡೋಣ. ಇದ್ದಾಗಲೂ ಈ ಮನುಷ್ಯನ ಹತ್ರ ರಿಮೋಟ್ ಕಿತ್ಕೊಳ್ಳೋ ಧೈರ್ಯ ಈ ಮನೇಲಿ ಯಾರಿಗೂ ಇರಲಿಲ್ಲ."

ಆಯುಧಪೂಜೆ

ನವರಾತ್ರಿ ಹೊತ್ತಿಗೆ ಕೇಬಲ್ಲಿನವನು ಒಂದು ಕೆಟ್ಟ ಸುದ್ದಿ ತಂದ. ಆ ಚಾನಲ್ಲು ನಷ್ಟದಲ್ಲಿದೆ, ದೀಪಾವಳಿಗೆ ಮುಚ್ಚುತ್ತೆ. ನಾನು ಅವರ ಆಫೀಸು ಹುಡುಕಿಕೊಂಡು ಹೋದೆ, ಬೀಗ. ಫೋನು ಮಾಡಿದರೆ ರೆಕಾರ್ಡ್ ಆದ ಹೆಣ್ಣು ದನಿ, "ನಿಮ್ಮ ಕಷ್ಟಗಳೆಲ್ಲ ಇಂದಿಗೇ ಕೊನೆ." ಆಮೇಲೆ ಲೈನ್ ಕಟ್.

ಆಯುಧಪೂಜೆ ದಿನ ಆಂಟಿ ಊಟಕ್ಕೆ ಕರೆದರು. ಹೋದರೆ ಮಿಷನ್ನಿಗೆ ಮದುವೆ ಅಲಂಕಾರ. ಮೈಯೆಲ್ಲ ಒರೆಸಿ, ಮೂರು ಗೆರೆ ವಿಭೂತಿ, ಡಿಸ್ಕ್ ಹೋಗೋ ಬಾಯಿಗೆ ಕುಂಕುಮ, ಮೇಲೆ ಚೆಂಡು ಹೂವಿನ ಹಾರ, ಮುಂದೆ ನಿಂಬೆಹಣ್ಣು. ಟಿವಿಗೂ ಬಾಕ್ಸಿಗೂ ಅದೇ ಮರ್ಯಾದೆ. ಮೂರರ ಸ್ವಿಚ್ಚೂ ಆಫ್.

"ಪೂಜೆ ಮಾಡಿದ ಆಯುಧ ಇವತ್ತು ಮುಟ್ಟಬಾರದು ಅಲ್ವಾ?" ಅಂದರು. "ಅವರ ಕಾರ್ಖಾನೇಲಿ ಲೇತನ್ನೂ ಇವತ್ತು ತಿರುಗಿಸ್ತಿರಲಿಲ್ಲ."

ನನ್ನ ಸ್ಕ್ರೂಡ್ರೈವರಿಗೂ ಬೆಳಿಗ್ಗೆ ನಾನೇ ಕುಂಕುಮ ಇಟ್ಟು ಬಂದಿದ್ದೆ. "ಹೌದು ಆಂಟಿ, ಅದಕ್ಕೂ ಒಂದು ದಿನ ರೆಸ್ಟ್ ಬೇಕು," ಅಂದೆ.

ಪಾಯಸ ಎಲೆಗೆ ಬೀಳೋ ಹೊತ್ತಿಗೆ ವಿಜಯನಗರದಲ್ಲಿರೋ ಅವರ ತಂಗಿ ಫೋನು ಮಾಡಿದರು. ಸ್ಪೀಕರಿನಲ್ಲಿ ಕೂಗು ನನಗೂ ಕೇಳಿಸಿತು. "ಅಕ್ಕಾ! ಭಾವ ಬಂದಿದ್ರಲ್ಲೇ ಟಿವಿಲಿ! ಈಗ ತಾನೆ ಮಾತಾಡಿ ಇಟ್ರು ಕಣೇ! ಹಿಡ್ಕೊಂಡ್ಯಾ?"

ನಾನು ಎಂಜಲು ಕೈಯಲ್ಲೇ ಓಡಿ ಹಾರ ಕಿತ್ತು ಮೂರೂ ಸ್ವಿಚ್ ಒತ್ತಿದೆ. ಚಿತ್ರ ಬಂದಾಗ ಕೂದಲೆಣ್ಣೆ ಜಾಹೀರಾತು ಓಡ್ತಿತ್ತು.

ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನಿಸಿತು. ಆಂಟಿ ಬಂದು ಕಿತ್ತ ಹಾರ ಎತ್ತಿ, ನಿಧಾನಕ್ಕೆ ಒಂದೊಂದು ಹೂವು ಸರಿ ಮಾಡಿದರು.

"ಆಸ್ಪತ್ರೆಯಲ್ಲಿ ಒಂಬತ್ತು ದಿನ ಪಕ್ಕ ಬಿಟ್ಟು ಕದಲಲಿಲ್ಲ ನಾನು," ಅಂದರು. "ಒಂದು ಲೋಟ ಕಾಫಿ ಕುಡಿಯೋಕೆ ಕೆಳಗಿಳಿದೆ. ಅಷ್ಟರಲ್ಲಿ ಹೋಗಿದ್ರು. ಈ ಮನುಷ್ಯ ಬರೋದೂ ಹೀಗೇ, ಹೋಗೋದೂ ಹೀಗೇ. ನಾನು ಆ ಕಡೆ ತಿರುಗಿರಬೇಕು, ಅಷ್ಟೇ."

ಮೆಟ್ಟಿಲ ಮೇಲೆ

ದೀಪಾವಳಿಗೆ ಮೂರು ವಾರ ಇತ್ತು. ಬೇರೆಲ್ಲ ಕೆಲಸ ಬಿಟ್ಟು ನಾನು ದಿನಾ ಒಂದೂವರೆಗೆ ಹೋಗಿ ಮಿಷನ್ ಮುಂದೆ ಕೂರೋಕೆ ಶುರು ಮಾಡಿದೆ. ಮೊದಲ ದಿನವೇ ಆಂಟಿ ಎದ್ದು ಚಪ್ಪಲಿ ಹಾಕಿಕೊಂಡರು.

"ಎಲ್ಲಿಗೆ?"

"ಮೆಟ್ಟಿಲ ಮೇಲೆ ಕೂತಿರ್ತೀನಿ. ನಾನು ಒಳಗಿದ್ರೆ ಅವರು ಬರಲ್ಲ."

ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ದಿನಾ ಒಂದೂವರೆಯಿಂದ ಎರಡೂವರೆವರೆಗೆ ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂರೋರು. ಕೆಳಗಿನ ಮನೆಯವರು ನನ್ನನ್ನು ಗೇಟಿನಲ್ಲಿ ತಡೆದು ಕೇಳಿದರು, "ಅಲ್ಲಪ್ಪಾ, ಆ ವಯಸ್ಸಾದವರನ್ನ ಆಚೆ ಕೂರಿಸಿ ಒಳಗೆ ನೀನೊಬ್ಬನೇ ಟಿವಿ ನೋಡ್ತೀಯಲ್ಲ, ಮನುಷ್ಯನೇನಯ್ಯಾ ನೀನು?"

ಬಂದರು

ಚಾನಲ್ಲು ಮುಚ್ಚೋಕೆ ಎರಡು ದಿನ ಉಳಿದಿತ್ತು. ಎರಡು ಗಂಟೆ ದಾಟಿದ ಮೇಲೆ ಗುರೂಜಿ "ಎಲ್ಲಿಂದ ಮಾತಾಡ್ತಿದೀರಿ?" ಅಂದರು. "ಕುರುಬರಹಳ್ಳಿಯಿಂದ ಸ್ವಾಮಿ," ಅಂತ ಒಂದು ಗೊಗ್ಗರು ದನಿ ಬಂತು. ನನಗೆ ಆ ದನಿ ಗೊತ್ತಿಲ್ಲ. ಆದರೆ ಹೊರಗೆ ಮೆಟ್ಟಿಲ ಮೇಲಿಂದ ಏನೋ ಬಿದ್ದ ಸದ್ದಾಯಿತು. ಆಂಟಿ ಎದ್ದು ನಿಂತಿದ್ದರು, ಮಡಿಲಲ್ಲಿದ್ದ ಹುರುಳಿಕಾಯಿ ತಟ್ಟೆ ಕೆಳಗೆ ಉರುಳಿತ್ತು. ಒಳಗೆ ಮಾತ್ರ ಕಾಲಿಡಲಿಲ್ಲ. ಕಿವಿ ಎರಡೂ ಮುಚ್ಚಿಕೊಂಡು, ಕೇಳಿಬಿಟ್ಟರೆ ಎಲ್ಲಿ ಓಡಿಹೋಗ್ತಾರೋ ಅನ್ನೋ ಹಾಗೆ, ಬಾಗಿಲಾಚೆ ನಿಂತೇ ಇದ್ದರು. ಅವರನ್ನೂ ಮಿಷನ್ನನ್ನೂ ನೋಡೋದರಲ್ಲೇ ಟಿವಿಲಿ ಮುಂದೆ ಏನು ಮಾತಾಯಿತೋ ನನ್ನ ಕಿವಿಗೆ ಬೀಳಲಿಲ್ಲ.

ಮಿಷನ್ನು ಹಿಡಿದಿತ್ತು. ಡಿಸ್ಕಿಗೆ ಇಳಿಸಿದೆ. ಕೊನೆಗೆ ಡಿಸ್ಕನ್ನು ಮುಚ್ಚಿ ಭದ್ರ ಮಾಡಬೇಕು, ಇಲ್ಲದಿದ್ದರೆ ಬೇರೆಲ್ಲೂ ಓಡಲ್ಲ. ಅದಕ್ಕೆ ಐದು ನಿಮಿಷ. ಆ ಐದು ನಿಮಿಷ ಕರೆಂಟು ಹೋಗದಿರಲಿ ಅಂತ, ಸ್ಕ್ರೂಡ್ರೈವರ್ ಬಿಟ್ಟರೆ ಯಾವ ದೇವರಿಗೂ ಕೈ ಮುಗಿಯದ ನಾನು ವಿದ್ಯುತ್ ಇಲಾಖೆಗೆ ಕೈ ಮುಗಿದೆ.

ಆಮೇಲೆ ಆಂಟಿಯನ್ನು ಒಳಗೆ ಕರೆದು, ಕೂರಿಸಿ, ಹಾಕಿದೆ.

"ಏನಪ್ಪಾ ನಿಮ್ಮ ಸಮಸ್ಯೆ?" ಅಂದರು ಗುರೂಜಿ.

"ಸ್ವಾಮಿ, ನಮ್ಮ ಮನೆಯವರ ವಿಷಯ. ಆಕೆಗೆ ಸ್ವಲ್ಪ..." ಅಂತ ಯಜಮಾನರು ಶುರು ಮಾಡಿದರು, ಅಷ್ಟೇ. ಅವರ ಹಿಂದಿನಿಂದ, ಅಡುಗೆಮನೆ ಕಡೆಯಿಂದ, ಒಂದು ಹೆಣ್ಣು ದನಿ ಸಿಡಿಯಿತು.

"ಯಾರ ಹತ್ರ ರೀ ಅದು, ಅಷ್ಟೊತ್ತಿಂದ? ಅನ್ನ ಬಡಿಸಿ ಎಷ್ಟೊತ್ತಾಯ್ತು! ನಾನೇನು ನಿಮ್ಮ ಮನೆ ಆಳಾ? ಮೂರು ಸಲ ಕರೆದೆ! ಕಿವಿ ಕೇಳಿಸುತ್ತಾ ಇಲ್ವಾ?"

ಆ ದನಿ ನಿಲ್ಲಲೇ ಇಲ್ಲ. ಸಾರಿನಿಂದ ಹಿಡಿದು ಅತ್ತೆಯವರೆಗೆ ಎಲ್ಲವನ್ನೂ ಮುಟ್ಟಿ ಬಂತು. ಅದರ ಅಡಿಯಲ್ಲಿ ಯಜಮಾನರು ಏನೋ ಹೇಳ್ತಿದ್ದರು, ಒಂದಕ್ಷರ ಕೇಳಿಸಲಿಲ್ಲ.

ಕೊನೆಗೆ ಒಂದು ಉಸಿರಿನಷ್ಟು ಜಾಗ ಸಿಕ್ಕಾಗ ಅವರು ಮೆಲ್ಲಗೆ, "ಕೇಳಿಸ್ತಲ್ಲ ಸ್ವಾಮಿ?" ಅಂದರು.

"ಕೇಳಿಸ್ತಪ್ಪಾ," ಅಂದರು ಗುರೂಜಿ. "ಇದಕ್ಕೆ ನನ್ನ ಹತ್ರ ಪರಿಹಾರ ಇಲ್ಲ. ಫೋನಿಟ್ಟು ಊಟಕ್ಕೆ ಹೋಗು."

ಯಜಮಾನರು ನಕ್ಕರು. ಚೆನ್ನಾಗಿ, ಗಂಟಲು ತುಂಬ ನಕ್ಕರು. "ಬಂದೆ ಕಣೇ, ಬಂದೆ," ಅಂದರು. ಫೋನು ಕಟ್ಟಾಯಿತು. ಕೂದಲೆಣ್ಣೆ ಜಾಹೀರಾತು ಬಂತು.

ನಾನು ಆಂಟಿ ಕಡೆ ನೋಡೋ ಧೈರ್ಯ ಮಾಡಲಿಲ್ಲ. ತಿಂಗಳುಗಟ್ಟಲೆ ಕಾದು ಹಿಡಿದ ಡಿಸ್ಕಿನಲ್ಲಿ ಮುಕ್ಕಾಲು ಪಾಲು ಅವರದೇ ಬೈಗುಳ. ಅವರು ಸೆರಗಿನಲ್ಲಿ ಮುಖ ಒರೆಸಿ, ಬೆನ್ನು ನೆಟ್ಟಗೆ ಮಾಡಿ ಕೂತರು.

"ಇನ್ನೊಂದು ಸಲ ಹಾಕಪ್ಪಾ," ಅಂದರು. "ಈ ಸಲ ನಾನು ಬಾಯಿ ಮುಚ್ಕೊಂಡಿರ್ತೀನಿ."