ಕಾಕು ಪಾಸು ಮಾಡಿದ ಪ್ಲೇಟುಗಳು

ನಮ್ಮ ಕಾಕು ಪಾಸು ಅಂದ್ರ ಪಾಸು, ನಪಾಸು ಅಂದ್ರ ನಪಾಸು. ಆಮ್ಯಾಲ ಮದ್ರಾಸಿಂದ ಸ್ವತಃ ಹಾಡಿದಾಂವನ ಬಂದು ಕೈಮುಗದು ನಿಂತ್ರೂ ಒಂದು ಮಾರ್ಕು ಹೆಚ್ಚಾಗತಿದ್ದಿಲ್ಲ.

ಧಾರವಾಡದಾಗ ಹಾಡಿನ ಬಗ್ಗೆ ಅಭಿಪ್ರಾಯ ಇಲ್ಲದ ಮನಷ್ಯಾ ಸಿಗೂದು ಕಷ್ಟ ನೋಡ್ರಿ. ಹಾಲಿನಾಂವ ಹಾಲು ಅಳಕೋತನ ನಿನ್ನಿ ಬೈಠಕ್ಕಿನ್ಯಾಗ ಯಾರ ಸುರ ಎಲ್ಲೆ ಜಾರಿತು ಅಂತ ಹೇಳತಾನ. ಕ್ಷೌರದಾಂವ ನಿಮ್ಮ ಅರ್ಧಾ ಮೀಸಿ ತಗದು, ಉಳದರ್ಧಾ ಹಂಗ ಬಿಟ್ಟು, ಆ ಹಾಡುಗಾರ ತಾನನ್ನ ಹ್ಯಾಂಗ ತಗೋಬೇಕಿತ್ತು ಅಂತ ಕತ್ತರಿ ಹಿಡಕೊಂಡ ತೋರಸತಾನ. ಇಂಥಾ ಊರಾಗ, ಹೊಸಾದಾಗಿ ಬರೋ ಕ್ರಿಸ್ತೀಯ ಹಾಡಿನ ಗ್ರಾಮೋಫೋನ್ ಪ್ಲೇಟಿಗೆ ಮಾರ್ಕ್ಸ್ ಕೊಡೋ ಅಧಿಕಾರನ ನಮ್ಮ ಚರ್ಚಿನ ಸಭೆಯ ಮಂದಿ ಯಾರ ಕೈಯಾಗ ಕೊಟ್ಟಿದ್ರು ಗೊತ್ತೇನ್ರಿ? ನಮ್ಮ ಕಾಕುನ ಕೈಯಾಗ. ಕಾಕುಗ ಎರಡೂ ಕಿವಿ ಕೇಳತಿದ್ದಿಲ್ಲ!

ಸುಳ್ಳಲ್ಲ. ಸಣ್ಣಾಕಿದ್ದಾಗ ಆಕಿಗೆ ವಿಷಮಜ್ವರ ಬಂದು, ಹೋಗುವಾಗ ಕಿವಿ ತಗೊಂಡು ಹೋತು. ಮಾತು ಮಾತ್ರ ಬಿಟ್ಟು ಹೋತು. ಆ ಜ್ವರ ಇನ್ನೊಮ್ಮೆ ಬಂದು ಮಾತನ್ನೂ ತಗೊಂಡು ಹೋಗಬೇಕಿತ್ತು ಅಂತ ಆಕಿ ಕಡಿಂದ ನಪಾಸಾದ ಹಾಡುಗಾರರು ಹಿಂದಿಂದ ಅಂತಿದ್ರಂತ. ಮುಂದ ಅನ್ನಾಕ ಧೈರ್ಯ ಯಾರಿಗಿತ್ತು? ಆಕಿ ತುಟಿ ನೋಡಿ ಮಾತು ಹಿಡಿಯಾಕಿ. ನೀವು ಬೀದಿ ಆ ಕಡೆ ನಿಂತು ಪಿಸುಗುಟ್ಟಿದ್ರೂ ಈ ಕಡೆಯಿಂದ ಉತ್ತರ ಬರತಿತ್ತು.

ನಾನು ಆಗ ಕಾಲೇಜು ಕಲಿಯಾಕಂತ ಗದಗಿನಿಂದ ಬಂದು ಕಾಕಾ-ಕಾಕುನ, ಅಂದ್ರ ಚಿಕ್ಕಪ್ಪ-ಚಿಕ್ಕಮ್ಮನ ಮನ್ಯಾಗ ಇದ್ದೆ. ಐವತ್ತರ ದಶಕ ಮುಗದು ಅರವತ್ತು ಕಣ್ಣು ಬಿಡೋ ಕಾಲ. ಕಾಕಾ ಹುಬ್ಬಳ್ಳಿ ರೇಲ್ವೆದಾಗ ಕಾರಕೂನರು. ದಿನಾ ಮುಂಜಾನಿ ಗಾಡಿಗೆ ಹೋಗಿ ಸಂಜಿ ಗಾಡಿಗೆ ಬರೋರು. ಕಾಕು ಹುಡುಗ್ಯಾರ ಸಾಲ್ಯಾಗ ಹೊಲಿಗಿ ಟೀಚರು. ಹುಡುಗ್ಯಾರು ಹಾಕಿದ ಕಾಜಾಕ್ಕ ಮಾರ್ಕ್ಸ್ ಕೊಟ್ಟು ಕೊಟ್ಟು ಆಕಿ ಕೈ ಪಳಗಿತ್ತು, ಮನಸೂ ಗಟ್ಟಿಯಾಗಿತ್ತು.

ಆ ಕಾಲಕ್ಕ ನಮ್ಮ ಮಂದಿ ಹಾಡು ಅಂದ್ರ ಚರ್ಚಿನ್ಯಾಗ ಎದ್ದು ನಿಂತು ಹಾಡೋ ಹಳೇ ಗೀತೆಗಳು, ಇಲ್ಲಾಂದ್ರ ತಾಳ ಹಿಡದು ಹಾಡೋ ಭಜನಿ. ಒಮ್ಮೆಲೇ ಗಿಟಾರು, ಅಕಾರ್ಡಿಯನ್ನು ಹಾಕಿದ ಹೊಸಾ ನಮೂನಿ ಹಾಡಿನ ಪ್ಲೇಟು ಬರಾಕ ಶುರುವಾದ್ವು. ಕೊಳ್ಳಬೇಕೋ ಬ್ಯಾಡೋ ಅಂತ ಸಭೆಯೊಳಗ ಗದ್ದಲ. ಕಾಕಾನ ಮನ್ಯಾಗ ಚಾವಿ ಕೊಡೋ ಗ್ರಾಮೋಫೋನ್ ಇತ್ತಲ್ಲ, ರವಿವಾರ ಆರಾಧನೆ ಮುಗಿಸಿ ಎಲ್ಲಾರೂ ಅಲ್ಲೇ ಬಂದು ಕೂಡತಿದ್ರು. ಕಾಕು ದೊಡ್ಡ ಪರಾತದಾಗ ಚುರಮುರಿ ಕಲಸಿ ನಡುವ ಇಟ್ಟು, ಎದುರಿಗೆ ಕಟ್ಟಿಗಿ ಮಣಿ ಹಾಕ್ಕೊಂಡು ಕೂತು, ಎಲ್ಲಾರ ಮಾರಿ ನೋಡಾಕಿ.

ಪ್ಲೇಟಿಗೆ ಎಲ್ಲ್ಯಾವ್ರಿ ತುಟಿ? ಅದಕ್ಕ ಆಕಿ ಕೇಳೋ ಮಂದಿನ್ನ ಓದತಿದ್ಲು. ಚುರಮುರಿ ಹಿಡದ ಕೈ ಬಾಯಿಗೆ ಹೋಗೂದು ಮರತು ನಡುವ ನಿಂತ್ರ ಆ ಹಾಡು ಪಾಸು. ಕೈ ಬಾಯಿ ಲಗುಲಗು ಆಡಿದ್ರ ನಪಾಸು. ತುಟಿ ತಾವಾಗೇ ಅಲ್ಲಾಡಿದ್ರ ಎಪ್ಪತ್ತರ ಮ್ಯಾಲ. ಗಂಡಸರು ಗಡಿಯಾರ ನೋಡಿದ್ರ, ಹೆಂಗಸರು ಸೆರಗಿನ ಅಂಚು ಸರಿ ಮಾಡಿಕೊಂಡ್ರ ಅಲ್ಲಿಗೆ ಮುಗೀತು. ಹಾಡು ಮುಗಿಯೋದ್ರಾಗ ಪರಾತ ಖಾಲಿಯಾದ ಪ್ಲೇಟಿಗೆ ಆಕಿ ಸೊನ್ನಿ ಕೊಟ್ಟಿದ್ದೂ ಐತಿ.

ಹುಬ್ಬಳ್ಳಿಯೊಳಗ ಗ್ರಾಮೋಫೋನ್ ಅಂಗಡಿ ಇಟ್ಟಿದ್ದ ಸಾಹುಕಾರರಿಗೆ ಈ ಸುದ್ದಿ ಮುಟ್ಟಿತು. ಕಾಕು ನಪಾಸು ಮಾಡಿದ್ದು ಅವರ ಅಂಗಡ್ಯಾಗ ಧೂಳು ತಿನಕೋತ ಬೀಳತಿತ್ತು, ಅದಕ್ಕ. ಪಾಪ, ಹೊಸಾ ಪ್ಲೇಟು ಬಗಲಾಗ ಹಿಡಕೊಂಡು ಧಾರವಾಡಕ್ಕ ತಾವ ಬಂದು, ಎಲ್ಲಾರ ನಡುವ ಕೂತು, ಕಣ್ಣು ಅರ್ಧಾ ಮುಚ್ಚಿ, ತಲಿ ತೂಗಿದ್ದ ತೂಗಿದ್ದು. ಯೇಸುಸ್ವಾಮಿ ಎದುರಿಗೆ ಬಂದು ನಿಂತಿದ್ರೂ ಅಷ್ಟು ಭಕ್ತಿ ಮಾರಿ ಮ್ಯಾಲ ಕಾಣತಿದ್ದಿಲ್ಲ. ಕಾಕು ಅವರ ಕಡೆ ಬೆರಳು ಮಾಡಿ, ಇವರನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ, ಇದು ಗಿರಾಕಿ ಬಂದಾಗ ಮಾಡೋ ಮಾರಿ ಅಂದುಬಿಟ್ಲು. ಸಾಹುಕಾರರು ಕಣ್ಣು ತೆರದು ಚುರಮುರಿಗೆ ಕೈ ಹಾಕಿದ್ರು.

ಅಯ್ಯನವರನ್ನಾದ್ರೂ ಬಿಟ್ಲೇನು? ಅಂದ್ರ ನಮ್ಮ ಚರ್ಚಿನ ಪಾದ್ರಿಗಳು. ಕ್ರಿಸ್ಮಸ್ ಹತ್ತಿರ ಬಂದಿತ್ತು. ಮುಂಬೈ ಕಡೆ ಹುಡುಗರು ಹಾಡಿದ ಒಂದು ಪ್ಲೇಟು ಬಂತು. ಅದರಾಗ ನಡುನಡುವ ಸೀಟಿ ಬ್ಯಾರೆ ಹೊಡದಿದ್ರು. ದೇವರ ಹಾಡಿಗೆ ಸೀಟಿ! ಅಯ್ಯನವರ ಮಾರಿ ಹುಣಸಿಹಣ್ಣು ತಿಂದಂಗಾತು. ಹಿರೇರೆಲ್ಲಾ ಅವರ ಮಾರಿ ನೋಡಿ ತಮ್ಮ ಮಾರೀನೂ ಹುಳಿ ಮಾಡಿಕೊಂಡ್ರು. ಈ ಪ್ಲೇಟು ಉಳಿಯೂದಿಲ್ಲ ಅಂತ ನಾವು ಹುಡುಗರು ಆಸೆ ಬಿಟ್ಟು ಕೂತಿದ್ವಿ. ಕಾಕು ಮಾತ್ರ ಮಾರಿ ನೋಡೂದು ಬಿಟ್ಟು ನೆಲಾ ನೋಡತಿದ್ಲು. ಹಾಡು ಮುಗೀತು. ಕಾಕು ಹೇಳಿದ್ಲು, ಅಯ್ಯನವರ ಮಾರಿ ನಪಾಸು ಮಾಡೇತಿ, ಆದ್ರ ಅವರ ಕಾಲಿನ ಹೆಬ್ಬೆರಳು ಮೊದಲಿಂದ ಕುಣ್ಯಾಕತ್ತಿತ್ತು, ಅದಕ್ಕ ಅರವತ್ತೆಂಟು. ಮುಂದಿನ ರವಿವಾರದಿಂದ ಅಯ್ಯನವರು ಕಾಲ್ಚೀಲ ಹಾಕ್ಕೊಂಡು ಬರಾಕ ಹತ್ತಿದ್ರು.

ಇಂಥಾ ಕಾಕುನ ಗಂಡ ನಮ್ಮ ಕಾಕಾ, ತಾವೂ ಹಾಡೋರು. ಕ್ವಾಯರಿನ್ಯಾಗ ಹಿಂದಿನ ಸಾಲಿನ್ಯಾಗ ನಿಂತು ದಪ್ಪ ದನಿ ತಗೀತಿದ್ರು. ಒಂದು ದಿನ ಉಣ್ಣಾಕ ಕೂತಾಗ ಅವರು ನಕ್ಕೋತ, ಊರಿಗೆಲ್ಲಾ ಮಾರ್ಕ್ಸ್ ಕೊಡ್ತಿಯಲ್ಲ, ನನಗೆಷ್ಟು ಅಂತ ಕೇಳಿದ್ರು. ಮನಿ ಮಂದಿಗೆ ಮಾರ್ಕ್ಸ್ ಕೊಡಾಕ ಹತ್ತಿದ್ರ ಮನಿ ಉಳೀತೈತೇನ್ರಿ, ಪ್ಲೇಟಾಗಿ ಬರ್ರಿ, ಆಮ್ಯಾಲ ನೋಡೂಣು ಅಂತ ಕಾಕು ಇನ್ನೊಂದು ರೊಟ್ಟಿ ಹಾಕಿದ್ಲು.

ನಾನು ನಕ್ಕೆ. ಕಾಕಾನೂ ನಕ್ರು. ಆದ್ರ ಮಾತು ಅವರಿಗೆ ಎಲ್ಲೋ ನಟ್ಟಿತ್ತು. ಮರುದಿನ ಸ್ಟೇಷನ್ನಿನ ತನಕಾ ಜೋಡಿ ಹೋಗುವಾಗ ನನಗ ಹೇಳಿದ್ರು:

“ಮದುವಿಯಾಗಿ ಇಷ್ಟು ವರ್ಷಾತು, ಆಕಿ ನನ್ನ ದನಿ ಒಮ್ಮೆನೂ ಕೇಳಿಲ್ಲ. ಕೇಳಂಗೂ ಇಲ್ಲ, ಅದು ಗೊತ್ತೈತಿ. ಆದ್ರ ಅದು ಹ್ಯಾಂಗೈತಿ ಅಂತ ಆಕಿ ಬಾಯಿಂದ ಒಂದ ಸಲ ಬರಬೇಕು ನೋಡು. ಪಾಸೋ ನಪಾಸೋ, ಏನರೆ ಬರಲಿ.”

ಅಲ್ಲಿಂದ ಕಾಕಾಗ ಹುಚ್ಚು ಹಿಡೀತು. ಪ್ಲೇಟು ಆಗಬೇಕು!

ಈ ನಡುವ ಕಾಕುನ ಖ್ಯಾತಿಗೆ ಒಂದು ಪೆಟ್ಟೂ ಬಿತ್ತು. ಒಂದು ರವಿವಾರ ಕಾಕಾ ತಮ್ಮ ಪ್ಲೇಟಿನ ಧ್ಯಾನದಾಗ ಗ್ರಾಮೋಫೋನಿಗೆ ಅರ್ಧಾನ ಚಾವಿ ಕೊಟ್ಟಿದ್ರು. ನಡು ಹಾಡಿನ್ಯಾಗ ಸ್ಪ್ರಿಂಗ್ ಸೋತು, ಹಾಡೋ ಹೆಣ್ಣುಮಗಳ ದನಿ ಇಳಕೋತ ಇಳಕೋತ ಕೋಣ ಒದರಿದಂಗ ಆತು. ಮಂದಿ ನಕ್ಕು ನಕ್ಕು ಕಣ್ಣಾಗ ನೀರು ತಂದುಕೊಂಡ್ರು, ಚುರಮುರಿ ಯಾರಿಗೂ ನೆನಪಿಲ್ಲ. ಇಷ್ಟು ಖುಷಿಯಾದ ಮಾರಿಗಳನ್ನ ಕಾಕು ಹಿಂದೆಂದೂ ನೋಡಿದ್ದಿಲ್ಲ. ತೊಂಬತ್ತು ಅಂದ್ಲು! ನಕ್ಕ ಮಂದಿಗೆ ತಿದ್ದಿ ಹೇಳಾಕ ಉಸಿರು ಉಳಿದಿದ್ದಿಲ್ಲ. ಹುಬ್ಬಳ್ಳಿ ಸಾಹುಕಾರರು ಕಾಕು ತೊಂಬತ್ತು ಕೊಟ್ಟ ಪ್ಲೇಟು ಅಂತ ಹೇಳಿ ಇದ್ದಬಿದ್ದದ್ದೆಲ್ಲಾ ಮಾರಿಬಿಟ್ರು. ಹಳೇ ಹುಬ್ಬಳ್ಳ್ಯಾಗ ಒಬ್ಬರು ಮಗಳ ನಿಶ್ಚಿತಾರ್ಥಕ್ಕ ಅದನ್ನ ಹಚ್ಚಿದ್ರು. ಅದು ಸತ್ತವರನ್ನ ಮಣ್ಣು ಮಾಡುವಾಗ ಹಾಡೋ ಹಾಡು. ಬೀಗರು ಎದ್ದು ನಿಂತು ಟೊಪ್ಪಿಗಿ ತಗದ್ರಂತ. ಹಾಡು ತಪ್ಪಿರಬೇಕು, ನನ್ನ ಮಾರ್ಕ್ಸ್ ತಪ್ಪಿಲ್ಲ ಅಂತ ಕಾಕು ಕಡಿತನಕಾ ವಾದ ಮಾಡಿದ್ಲು.

ಕಾಕಾನ ದೈವ ತೆರೀತು. ಮುಂಬೈಯಿಂದ ರೆಕಾರ್ಡ್ ಮಾಡೋ ಮಂದಿ ಹುಬ್ಬಳ್ಳಿಗೆ ಬಂದ್ರು. ನಮ್ಮ ಕ್ವಾಯರಿನ ಹಾಡು ಪ್ಲೇಟಿನ ಒಂದು ಮಗ್ಗಲಿಗೆ ತಗೋತಾರ ಅಂತಾತು. ಇನ್ನೊಂದು ಮಗ್ಗಲಿಗೆ? ಕಾಕಾ ಯಾರ್ಯಾರ ಕೈಕಾಲು ಹಿಡದ್ರೋ ಗೊತ್ತಿಲ್ಲ, ಆ ಮಗ್ಗಲಾ ಅವರಿಗೇ ಸಿಕ್ತು. ಸ್ಟೇಷನ್ನಿನ ಹತ್ತಿರದ ಒಂದು ಬಂಗ್ಲೆದ ಖೋಲಿಯೊಳಗ ಗ್ವಾಡಿಗೆಲ್ಲಾ ಕೌದಿ ಕಟ್ಟಿ, ಕಿಟಕಿಗೆ ಗಾದಿ ತುರುಕಿ ತಯಾರಿ ಮಾಡಿದ್ರು. ಕಾಕಾ ರೇಲ್ವೆ ಮನಷ್ಯಾ. ಯಾವ ಗಾಡಿ ಯಾವಾಗ ಸೀಟಿ ಹೊಡೀತೈತಿ ಅಂತ ಬಾಯಿಪಾಠ. ಎರಡು ಗಾಡಿ ನಡುವಿನ ಹೊತ್ತು ಹುಡುಕಿ, ಈಗ ಹಚ್ಚರಿ ಅಂತ ಎದಿ ತಟ್ಟಿ ಹೇಳಿ ಶುರು ಮಾಡಿದ್ರು. ಟೈಮ್‌ಟೇಬಲ್ಲಿನ್ಯಾಗ ಇಲ್ಲದ ಗೂಡ್ಸ್ ಗಾಡಿ ಒಂದು ಅದ ಹೊತ್ತಿಗೆ ಬಂತು. ಎರಡನೇ ಸಲ ತಗಿಯಾಕ ಮುಂಬೈ ಮಂದಿಗೆ ಪುರುಸೊತ್ತಿಲ್ಲ. ಹಿಂಗಾಗಿ ಕಾಕಾನ ಹಾಡಿನ್ಯಾಗ ಸ್ವರ್ಗದ ಬಾಗಿಲಾ ತೆರೀತು ಅನ್ನೋ ಜಾಗಾದಾಗ ಗೂಡ್ಸ್ ಗಾಡಿ ಕೂಗತೈತಿ.

ಪ್ಲೇಟು ಕೈಗೆ ಬರೋ ತನಕಾ ಕಾಕಾ ಸುಮ್ಮನ ಕೂತಾರೇನು? ಒಳಗೊಳಗ ಅಂಜಿಕಿ ಹತ್ತಿತ್ತು. ಚರ್ಚಿನ ಹಿಂದಿನ ಖೋಲ್ಯಾಗ ಎಲ್ಲಾರನ್ನ ಕೂಡಿಸಿ ತಾಲೀಮು ಶುರು ಮಾಡಿದ್ರು. ಹಾಡಿನ ತಾಲೀಮಲ್ಲ, ಮಾರಿ ತಾಲೀಮು! ಮೊದಲನೇ ನುಡಿಗೆ ಕಣ್ಣು ಮುಚ್ಚೂದು, ಎರಡನೇದಕ್ಕ ತುಟಿ ಅಲ್ಲಾಡಿಸೂದು, ಕಡೀ ನುಡಿಗೆ ನಮ್ಮ ಸಭೆಯ ಪೋಸ್ಟ್ ಮಾಸ್ತರರು ಕಣ್ಣೀರು ಹಾಕೂದು. ನನ್ನ ಪಾಲಿಗೆ ಚುರಮುರಿ ಬಂತು. ಮುಷ್ಟಿ ಬಾಯಿ ಹತ್ತಿರ ಒಯ್ದು ಹಾಡು ಮುಗಿಯೋ ತನಕಾ ಹಂಗ ಹಿಡೀಬೇಕು. ಅಯ್ಯನವರಿಗೆ ಕಾಲ್ಚೀಲ ಹಾಕ್ಕೋಬ್ಯಾಡ್ರಿ ಅಂತ ಕಾಕಾ ಬೇಡಿಕೊಂಡ್ರು. ಅಯ್ಯನವರು ಒಪ್ಪಿದ್ರು ಅಂದ್ರ ನಂಬ್ತೀರೇನು? ಕಾಕಾನ ಮ್ಯಾಲ ಎಲ್ಲಾರಿಗೂ ಅಷ್ಟು ಅಕ್ಕರತಿ.

ಆ ರವಿವಾರ ಬಂತು. ಕಾಕಾ ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು, ಚಾವಿ ಪೂರ್ತಿ ಕೊಟ್ಟು, ಸೂಜಿ ಇಳಿಸೋಕಿಂತ ಮೊದಲನ ಪೋಸ್ಟ್ ಮಾಸ್ತರರು ಅಳಾಕ ಹತ್ತಿದ್ರು. ಎರಡನೇ ನುಡಿಗೆ ಇದ್ದದ್ದು ಒಬ್ಬರಿಗೆ ಮೊದಲನೇ ನುಡಿಗೆ ನೆನಪಾಗಿ, ಬಾಕಿಯವರು ಗಾಬರಿಯಾಗಿ, ಕಣ್ಣು ಮುಚ್ಚಿದವರು ತೆರೆದು, ತೆರೆದವರು ಮುಚ್ಚಿ, ಖೋಲಿ ತುಂಬ ಮಾರಿಗಳ ಸಂತಿ ಆತು. ನನ್ನ ಮುಷ್ಟಿ ಸಡಲಿ ಚುರಮುರಿ ತೊಡಿ ಮ್ಯಾಲ ಉದುರಾಕತ್ತಿತ್ತು. ಅಯ್ಯನವರು ಎರಡೂ ಕಾಲು ಮುಂದ ಚಾಚಿ ಹತ್ತೂ ಬೆರಳು ಕುಣಿಸಿದ್ರು. ಗೂಡ್ಸ್ ಗಾಡಿ ಕೂಗಿತು, ಅದಕ್ಕೂ ಯಾರೋ ತಲಿ ತೂಗಿದ್ರು.

ಕಾಕು ಎದ್ದು ಬಂದು ಸೂಜಿ ಎತ್ತಿ ಬದಿಗಿಟ್ಲು. ಎಲ್ಲಾರೂ ಛಲೋ ನಾಟಕ ಮಾಡಿದ್ರಿ, ಅಯ್ಯನವರ ಬೆರಳೂ ಇವತ್ತ ಸುಳ್ಳು ಹೇಳಾಕ ಕಲತ್ವು, ಮನಿಗೆ ಹೋಗಿ ಊಟಾ ಮಾಡ್ರಿ ಅಂದ್ಲು. ಮಂದಿ ಚಪ್ಪಲಿ ಹುಡುಕಿಕೊಂಡು ಒಬ್ಬೊಬ್ಬರ ಜಾರಿದ್ರು. ಮನ್ಯಾಗ ನಾವು ಮೂರ ಮಂದಿ ಉಳದ್ವಿ.

ಕಾಕಾ ಕೋಟಿನ ಗುಂಡಿ ಬಿಚ್ಚಿ, ಮತ್ತ ಹಾಕಿ, ಮತ್ತ ಬಿಚ್ಚಿದ್ರು. ಅವರ ಮಾರಿ ನೋಡಾಕ ಆಗಲಿಲ್ಲ ನನಗ. ಅವರು ಕಾಕುನ ಎದುರಿಗೆ ಬಂದು ನಿಂತು, ತುಟಿ ಕಾಣೋ ಹಂಗ ಸಾವಕಾಶ ಹೇಳಿದ್ರು:

“ಮಂದೀ ಕಡಿಂದ ಸುಳ್ಳು ಮಾರಿ ಮಾಡಿಸಿದ್ದು ನನ್ನ ತಪ್ಪು. ಆದ್ರ ನನ್ನ ದನಿ ನಿನಗ ಹ್ಯಾಂಗ ಮುಟ್ಟಸಲಿ, ನೀನ ಹೇಳು.”

“ಅದು ಯಾವತ್ತೋ ಮುಟ್ಟೇತಿ,” ಅಂದ್ಲು ಕಾಕು. “ಮುಂಜಾನಿ ಗಡ್ಡ ಮಾಡಿಕೋತ ಹಾಡ್ತೀರಲ್ಲ, ಅದನ್ಯಾಕ ಪ್ಲೇಟಿಗೆ ಕೊಡಲಿಲ್ಲ?”

ಕಾಕಾನ ಮಾರಿ ಬಿಳಚಿತು. ನನ್ನದೂ ಬಿಳಚಿತು. ಯಾಕಂದ್ರ ಆ ಹಾಡು ನನಗ ಗೊತ್ತಿತ್ತು. ಕಾಕುನ ಅಡಿಗಿ ಭಾಳ ಛಲೋ, ಆದ್ರ ಒಂದು ದಿನ ಬಿಟ್ಟು ಒಂದು ದಿನ ಸಾರಿಗೆ ಉಪ್ಪು ಹಾಕೂದು ಮರೀತಿದ್ಲು. ಹೇಳಿದ್ರ ಸಿಟ್ಟು. ಅದಕ್ಕ ಕಾಕಾ ಮರುದಿನ ಮುಂಜಾನಿ ಪಡಸಾಲಿ ಕಂಬಕ್ಕ ಕನ್ನಡಿ ಸಿಗಸಿ, ಆಕಿಗೆ ಬೆನ್ನು ಮಾಡಿ ನಿಂತು, ಮಾರಿಗೆ ಸಾಬಾಣ ಹಚ್ಚಿಕೊಂಡು, ಚರ್ಚಿನ ಹಳೇ ಧಾಟಿಗೆ ತಮ್ಮ ಶಬ್ದಾ ಕೂಡಿಸಿ ಹಾಡೋರು: ‘ಸಾರಿನೊಳು ಉಪ್ಪಿಲ್ಲ, ಕರ್ತನೇ, ನಾ ಹೇಗೆ ಉಣ್ಣಲಿ?’ ನುಡಿಗೆ ನುಡಿ ಏರಕೋತ ಹೋಗತಿತ್ತು ಅದು. ಕಡೀ ನುಡಿಯೊಳಗ ಕಾಕುನ ತವರಮನಿ ಮಂದೀನೂ ಬರತಿದ್ರು. ಆಕಿ ಅವರ ಬೆನ್ನ ಹಿಂದನ ಕಟ್ಟಿ ಮ್ಯಾಲ ಕೂತು ಮೆಂತೆಪಲ್ಲೆ ಸೋಸತಿದ್ಲು. ಕೇಳೂದಿಲ್ಲಲ್ಲ ಅಂತ ಕಾಕಾ ಗಂಟಲಾ ಬಿಚ್ಚಿ ಹಾಡಿದ್ದ ಹಾಡಿದ್ದು.

“ನಿಮ್ಮ ಎದುರಿಗೆ ಕನ್ನಡಿ ಇರತೈತಲ್ರಿ,” ಅಂದ್ಲು ಕಾಕು. “ಅದರಾಗ ನಿಮ್ಮ ತುಟಿ ನನಗ ಕಾಣತೈತಿ.”

ಕಾಕಾ ಕೂತುಬಿಟ್ರು. ಎಂದಿನಿಂದ ಅಂತ ಕೇಳಿದ್ರು. ಮದುವಿಯಾದ ವರ್ಷದಿಂದ ಅಂದ್ಲು. ಅವರು ಕೋಟು ಬಿಚ್ಚಿ ತೊಡಿ ಮ್ಯಾಲ ಇಟ್ಟುಕೊಂಡು ಆಕಿ ಕಡೆ ತಿರುಗಿದ್ರು.

“ಹಂಗಾರ ಉಪ್ಪಿಲ್ಲ ಅಂತ ನಿನಗ ಗೊತ್ತಿತ್ತು. ಮತ್ತ ಇಷ್ಟು ವರ್ಷ ಹಾಕಲಿಲ್ಲ ಯಾಕ?”

“ಹಾಕಿದ ಮರುದಿನ ನೀವು ಹಾಡತಿದ್ದಿಲ್ಲ,” ಅಂದ್ಲು ಕಾಕು.

ನನಗ ಅಲ್ಲೆ ನಿಂದ್ರಾಕ ಆಗಲಿಲ್ಲ. ನೀರು ತರೋ ನೆವಾ ಮಾಡಿ ಹಿತ್ತಲಕ್ಕ ಹೋದೆ. ಸಂಜಿಮುಂದ ಒಲಿ ಮ್ಯಾಲ ಸಾರು ಕುದಿಯಾಕತ್ತಿತ್ತು. ಕಾಕು ಉಪ್ಪಿನ ಭರಣಿಗೆ ಕೈ ಹಾಕೋದ್ರಾಗ ಕಾಕಾ ಬಂದು, ಭರಣಿ ಎತ್ತಿ, ಆಕಿ ಕೈಗೆ ಎಟಕದಂಗ ಮ್ಯಾಲಿನ ಹಲಗಿ ಮ್ಯಾಲ ಇಟ್ಟು, ಹೊರಗ ಹೋದ್ರು.