ಯಕೃತ್ ರಕ್ಷಣೆಗೆ ಹತ್ತು ಸಾವಿರ ಸೀಸೆ

ಹತ್ತು ಸಾವಿರ ಸೀಸೆ ಸೊಪ್ಪಿನ ಸಿರಪ್ ಸರಬರಾಜು ಮಾಡುವ ಗುತ್ತಿಗೆ ಕೀಟನಾಶಕದ ಅಂಗಡಿಯ ಯಜಮಾನನಿಗೇ ಆಯಿತು. ವಿಷ ಮಾರುವವನಷ್ಟು ಗಿರಾಕಿಯ ಯಕೃತ್ತಿನ ಪರಿಚಯ ಬೇರೆಯವರಿಗೆ ಇರಲಾರದೆಂದು ಬೆಳೆರಕ್ಷಣಾ ಕಚೇರಿ ಟಿಪ್ಪಣಿಯಲ್ಲೇ ಕಾರಣ ನಮೂದಿಸಿತ್ತು. ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟ್ ಇದೆ, ಸಿರಪ್ ಕುಡಿದವನ ಯಕೃತ್ತನ್ನು ಕೀಟನಾಶಕ ಮುಟ್ಟದು ಎಂಬುದು ಯೋಜನೆಯ ಮೊದಲ ಸಾಲು. ಒಂದು ಡಬ್ಬ ಕೀಟನಾಶಕಕ್ಕೆ ಒಂದು ಸೀಸೆ ಕಡ್ಡಾಯ ಎಂಬುದು ಎರಡನೆಯದು.

ಮೊದಲ ಫಲಾನುಭವಿ ಯಜಮಾನನ ಬಾಮೈದ. ಬೆನ್ನಿಗೆ ಪಂಪು ಕಟ್ಟಿಕೊಂಡು ಕಂಡವರ ಹೊಲಕ್ಕೆ ಔಷಧಿ ಹೊಡೆಯುವುದು ಅವನ ಕಸುಬು. ಮೂರನೆಯ ತಿಂಗಳು ಅಕ್ಕ ಅವನ ರಟ್ಟೆ ಹಿಡಿದು ಅಂಗಡಿಗೇ ಎಳೆದು ತಂದಳು.

"ರೀ, ಇವನ ಕಣ್ಣು ನೋಡಿ, ಅರಿಶಿನ ಕಲಸಿದ ಹಾಗಿದೆ. ಲಿವರ್ ಹೋಗ್ತಿದೆ ಅಂದ್ರು ಡಾಕ್ಟರು."

"ಸಿರಪ್ ಕುಡೀತಿದ್ದಾನೆ ತಾನೇ?"

"ಎರಡು ಹೊತ್ತೂ ಕುಡೀತೀನಿ ಭಾವ. ಹೊಟ್ಟೆ ನಿಮ್ಮ ಗೋಡೌನ್ ಆಗಿದೆ."

"ಅಟ್ಟದ ಮೇಲೆ ಮಾಸ್ಕು, ಗವಸು ಧೂಳು ತಿಂತಾ ಬಿದ್ದಿವೆಯಲ್ರೀ, ಕೊಡಬಾರದಾ?"

ಯಜಮಾನ ಅಟ್ಟಕ್ಕೆ ಏಣಿ ಹಾಕಿ ಹತ್ತಿದ. ಮಾಸ್ಕು ಇಳಿಸಿದ. ಆದರೆ ತಾನು ಗುತ್ತಿಗೆದಾರ, ಕೇಳದೆ ಕೊಟ್ಟರೆ ಹೇಗೆಂದು ಕಚೇರಿಗೆ ಹೋದ.

"ಮಾಸ್ಕ್ ಹಾಕಿದ್ರೆ ವಿಷ ಒಳಗೆ ಹೋಗುತ್ತೇನ್ರೀ?" ಅಧಿಕಾರಿ ಕೇಳಿದರು.

"ಅಷ್ಟಾಗಿ ಹೋಗಲ್ಲ ಸಾರ್."

"ವಿಷ ಹೋಗದಿದ್ರೆ ಸಿರಪ್ಪಿಗೇನು ಕೆಲಸ?"

"ಏನೂ ಇಲ್ಲ ಸಾರ್."

"ಕೆಲಸವಿಲ್ಲದ ಸಿರಪ್ಪಿಗೆ ಗುತ್ತಿಗೆ ಯಾಕೆ?"

ಮೂರನೆಯ ಪ್ರಶ್ನೆಗೆ ಬಾಯಿಬಿಡುವಷ್ಟು ದಡ್ಡನಾಗಿದ್ದರೆ ಯಜಮಾನ ಇಪ್ಪತ್ತು ವರ್ಷ ಅಂಗಡಿ ನಡೆಸುತ್ತಿರಲಿಲ್ಲ. ಮಾಸ್ಕನ್ನು ಮಡಚಿ ಜೇಬಿಗಿಟ್ಟುಕೊಂಡ.

ಮರುದಿನವೇ ಸುತ್ತೋಲೆ ಬಂತು: "ಒಬ್ಬ ಫಲಾನುಭವಿಯು ಏಕಕಾಲಕ್ಕೆ ಎರಡು ರಕ್ಷಣೆ ಪಡೆಯುವುದು ಸಂಪನ್ಮೂಲದ ದುರುಪಯೋಗವಾಗಿರುತ್ತದೆ. ಮಾಸ್ಕ್ ಧರಿಸಿದವರ ಸೀಸೆ ರದ್ದು. ಸೀಸೆ ಇಲ್ಲದವರಿಗೆ ಡಬ್ಬ ಇಲ್ಲ." ಡಬ್ಬವಿಲ್ಲದವನಿಗೆ ಕೂಲಿಯಿಲ್ಲ ಎಂಬುದನ್ನು ಬಾಮೈದ ತಾನೇ ಓದಿಕೊಂಡ.

ಅಷ್ಟರಲ್ಲಿ ಸಿರಪ್ಪಿನ ಸೊಪ್ಪಿಗೆ ಹುಳ ಬಿತ್ತು. ರಕ್ಷಣೆ ಕೊಡುವ ಸೊಪ್ಪಿಗೂ ರಕ್ಷಣೆ ಬೇಡವೇ? ವಾರಕ್ಕೆರಡು ಸಲ ಔಷಧಿ ಹೊಡೆಯಲು ಆದೇಶವಾಯಿತು. ಅನುಭವಸ್ಥನೆಂದು ಬಾಮೈದನನ್ನೇ ನೇಮಿಸಿದರು. ಔಷಧಿ ಸಿರಪ್ಪಿಗೂ ಇಳಿಯಿತು. ಕಚೇರಿ ಗಾಬರಿಯಾಗಲಿಲ್ಲ, ಮೊದಲ ಸೀಸೆಯಿಂದಾಗುವ ಹಾನಿಗೆ ಎರಡನೆಯ ಸೀಸೆ ಮಂಜೂರು ಮಾಡಿತು.

"ಕುಡಿಯೋ," ಎಂದು ಅಕ್ಕನೇ ಮುಚ್ಚಳ ತೆಗೆದು ಕೊಟ್ಟಳು. "ಈಗ ಎರಡೆರಡು ಕೊಡ್ತಾ ಇದಾರೆ. ಸುಮ್ಮನೆ ಕೊಡ್ತಾರಾ?"

ವರ್ಷಾಂತ್ಯಕ್ಕೆ ಯಜಮಾನನಿಗೆ ದಕ್ಕಿದ್ದು: ಖರ್ಚಾದ ಸೀಸೆ ಇಪ್ಪತ್ತು ಸಾವಿರ, ಡಬ್ಬ ಹತ್ತು ಸಾವಿರ, ಪ್ರಶಂಸಾಪತ್ರ ಒಂದು. ಬಾಮೈದನಿಗೆ ದಕ್ಕಿದ್ದು: ಬಿಡುವಿಲ್ಲದ ಕೆಲಸ, ಅರ್ಧ ಲಿವರ್. ಆ ಅರ್ಧವನ್ನು ಕಚೇರಿಯು ಯೋಜನೆಯಿಂದ ಉಳಿದದ್ದು ಎಂದು ವರದಿಯಲ್ಲಿ ತೋರಿಸಿತು. ಫಲಾನುಭವಿಯ ಜಾಗದಲ್ಲಿ ಬಾಮೈದ ಸಹಿ ಹಾಕಿದ.