ಕೇಳದೆ ಬರೆದ ‘ಇಲ್ಲ’

ಓದಿದವನಿಗೆ ಒಂದು ರೋಗ ಹತ್ತುತ್ತದೆ: ಎದುರಿನವರನ್ನು ಕೇಳದೆಯೇ ಅವರ ಪರವಾಗಿ ಉತ್ತರ ಬರೆಯುವುದು. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದವನು ನಾನು. ರಾಣೇಬೆನ್ನೂರಿನ ನಮ್ಮ ಓಣಿಯ ರೇಷನ್ ಕಾರ್ಡು, ಪಿಂಚಣಿ, ಸಾಲಿಯ ಅರ್ಜಿ ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಬರೆದೂ ಬರೆದೂ, ಹಲಗೇರಿಯ ಸೋದರತ್ತೆಯ ವಯಸ್ಸು ಅವಳಿಗಿಂತ ನನಗೇ ಚೆನ್ನಾಗಿ ಗೊತ್ತು ಎಂಬ ಸೊಕ್ಕು ಬಂದಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ, ಕುಲುಮೆ ನಡೆಸುತ್ತಿದ್ದ ಅಪ್ಪನಿಗೆ ಎದೆನೋವು ಬಂತು. ಹಾವೇರಿಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಹೃದಯದ ಒಂದು ಭಾಗಕ್ಕೆ ರಕ್ತ ಸರಿಯಾಗಿ ಹೋಗುತ್ತಿಲ್ಲ; ಅದು ಸತ್ತಿದೆಯೋ, ಇನ್ನೂ ಜೀವ ಹಿಡಿದಿದೆಯೋ ಎಂದು ಎಂ.ಆರ್.ಐ. ಯಂತ್ರದಲ್ಲಿ ನೋಡಬೇಕು, ಜೀವವಿದ್ದರೆ ಮಾತ್ರ ಆಪರೇಷನ್ನಿನಿಂದ ಉಪಯೋಗ ಎಂದರು ಅಲ್ಲಿಯವರು. ಯಂತ್ರವೆಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಅಯಸ್ಕಾಂತದ ಕೊಳವೆ. ನನಗೆ ಭಯ, ಅಪ್ಪನಿಗೆ ಕುತೂಹಲ. ಕೆಟ್ಟ ಲೌಡ್‌ಸ್ಪೀಕರಿನ ಅಯಸ್ಕಾಂತದಿಂದ ಕಬ್ಬಿಣದ ಪುಡಿ ಆರಿಸುತ್ತಿದ್ದವನು ಅವನು.

“ಕೊಡ್ಲಿ ಹಿಡದು ನಿಂತ್ರ ಎಳಕೊಂತೈತೇನ್ರಿ?” ಎಂದು ಯಂತ್ರ ನಡೆಸುವವನನ್ನು ಕೇಳಿದ.

“ಕೊಡಲಿ ಏನು ಯಜಮಾನ್ರೇ, ಕಬ್ಬಿಣದ ಕುರ್ಚಿನೂ ಎಳ್ಕೊಳ್ಳುತ್ತೆ.”

ಅಪ್ಪ ಮೆಚ್ಚಿಕೊಂಡು ತಲೆಯಾಡಿಸಿದ. ಅಷ್ಟರಲ್ಲಿ ಇಂಗ್ಲಿಷಿನ ಫಾರ್ಮು ಬಂತು. ಮೈಯೊಳಗೆ ಲೋಹವಿದೆಯೇ ಎಂದು ಏಳೆಂಟು ಬಗೆಯಲ್ಲಿ ಕೇಳಿದ್ದರು. ಪೆನ್ನು ತೆಗೆದವನೇ ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿದೆ.

“ಏನ್ ಬರದೀ ತಮ್ಮಾ?”

“ನಿನ್ನ ಮೈಯಾಗ ಕಬ್ಬಿಣ ಇಲ್ಲಂತ.”

“ಯಾರನ್ನ ಕೇಳಿ ಬರದಿ? ನೀ ಹುಟ್ಟೂಕಿಂತ ಮೊದಲ ಎಡಗಣ್ಣಾಗ ಚೂರು ಸಿಡಿದಿತ್ತು. ನಿಮ್ಮವ್ವ ಸೆರಗಿನ ತುದೀಲೆ ತಗದ್ಲು. ಪೂರಾ ಬಂತೋ ಇಲ್ಲೋ, ಆಕೀನೂ ನೋಡಿಲ್ಲ, ನಾನೂ ನೋಡಿಲ್ಲ.”

ಯಂತ್ರದವನು ನನ್ನ ಕೈಯಿಂದ ಫಾರ್ಮು ಕಸಿದುಕೊಂಡ. ಚೂರು ಉಳಿದಿದ್ದರೆ ಅಯಸ್ಕಾಂತ ಅದನ್ನು ಕದಲಿಸಿ ಕಣ್ಣೇ ಹೋಗಬಹುದಂತೆ. ಹೃದಯ ತೋರಿಸಲು ಬಂದ ಅಪ್ಪನಿಗೆ ಮೊದಲು ಕಣ್ಣಿನ ಎಕ್ಸ್‌ರೇ ಆಯಿತು. ಏನೂ ಇರಲಿಲ್ಲ, ಅವ್ವನ ಸೆರಗಿನ ಕೆಲಸ ಪಕ್ಕಾ ಆಗಿತ್ತು.

ಹೃದಯದ ಆ ಮೂಲೆಗೆ ಇನ್ನೂ ಜೀವವಿದೆ ಎಂಬುದು ಮರುದಿನ ತಿಳಿಯಿತು. ಆದರೆ ಅದಕ್ಕೂ ಮುಂಚೆ, ಎಕ್ಸ್‌ರೇ ಮುಗಿಸಿ ಯಂತ್ರದ ಕೋಣೆಗೆ ಕಾಲಿಡುವಾಗ, ಜೊತೆಗೆ ಬರುವವನೂ ಒಂದು ಫಾರ್ಮು ತುಂಬಬೇಕೆಂದರು. ಅವೇ ಪ್ರಶ್ನೆಗಳು. ಪೆನ್ನು ಏಳಲಿಲ್ಲ.

“ಅಪ್ಪಾ, ಸಣ್ಣಾವಿದ್ದಾಗ ನನಗೇನರ ಕಬ್ಬಿಣ ಹೊಕ್ಕಿತ್ತೇನು?”

“ನಿನಗೆಲ್ಲಿಂದ ಹೊಗತೈತಿ? ಸಾಲಿ ಬಿಟ್ಟೀ ಅಂತ ಹೆದರಿ, ಕುಲುಮಿ ಹತ್ರ ಬರಾಕರ ಬಿಟ್ಟೀನೇನು ನಿನ್ನ?”

ಅಕ್ಷರ ಬಾರದ ಅಪ್ಪ ಹೇಳಿದ, ಬಿ.ಎ. ಆದ ನಾನು ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ.